ರಾತ್ರಿ ಚೀರಿದ ನಾಯಿ ಬೆಳಗ್ಗೆ ಬಾಲ ಆಡಿಸಿದರೆ

ಇಚಲಕರಂಜಿಯ ಯಂತ್ರಮಗ್ಗದ ಓಣಿಯಲ್ಲಾಗಲಿ, ಗಡಹಿಂಗ್ಲಜ ಕಡೆಯ ಕಬ್ಬಿನ ಹೊಲದ ಮನೆಯಲ್ಲಾಗಲಿ, ಇಂಥದೊಂದು ರಾತ್ರಿ ನಿಮಗೂ ಬಂದಿರಬಹುದು. ಬಾಗಿಲ ಬಳಿ ಮಲಗಿದ್ದ ನಾಯಿ ಒಮ್ಮೆಲೇ ಚೀರುತ್ತದೆ. ಮುಟ್ಟಗೊಡುವುದಿಲ್ಲ, ಮೈ ನಡುಗುತ್ತದೆ, ಒಂದು ಹೆಜ್ಜೆ ಇಡಲೂ ಒಲ್ಲೆನ್ನುತ್ತದೆ. ಹತ್ತಿಪ್ಪತ್ತು ನಿಮಿಷಕ್ಕೆ ತಾನೇ ಸುಮ್ಮನಾಗುತ್ತದೆ. ಬೆಳಗಾದರೆ ರೊಟ್ಟಿ ತಿಂದು ಬಾಲ ಆಡಿಸುತ್ತದೆ.

ಆಗ ಮನೆಯಲ್ಲಿ ಮಾತು ಶುರುವಾಗುತ್ತದೆ. ರಾತ್ರಿ ಪಾಳಿ ಮುಗಿಸಿ ಬಂದ ಯಜಮಾನ ಹೇಳುತ್ತಾನೆ: "ಈಗ ಆರಾಮ ಐತಲ್ಲ, ಬಟವಡೆ ಇನ್ನೂ ಆಗಿಲ್ಲ, ಸುಮ್ನ ಯಾಕ ರೊಕ್ಕ ಖರ್ಚ ಮಾಡೂದು?" ಮನೆಯಾಕೆ ಹೇಳುತ್ತಾಳೆ: "ಅಲ್ರೀ, ಅದಕ್ಕ ಬಾಯಿ ಇಲ್ಲ. ರಾತ್ರಿ ಹೆಂಗ ಒದರಿತು, ನೀವು ಕೇಳಿಲ್ಲ."

ಇಬ್ಬರ ಮಾತಿನಲ್ಲೂ ನ್ಯಾಯವಿದೆ. ಹಾಗಾದರೆ ನಿರ್ಧಾರ ಹೇಗೆ? ಇಂದು ಅದನ್ನೇ ನೋಡೋಣ.

ಮೊದಲು ಒಂದು ಮಾತು. ನೋವು ನಿಂತಿತು ಎಂದರೆ ಕಾರಣ ಹೋಯಿತು ಎಂದಲ್ಲ. ಬೆನ್ನೆಲುಬಿನ ಮಣಿಗಳ ನಡುವೆ ಗಾದಿಯಂತೆ ಇರುವ ಮೆತ್ತನೆಯ ಬಿಲ್ಲೆ ಜಾರಿ ನರಹುರಿಯನ್ನು ಒತ್ತಿದರೆ, ನಾಯಿ ಹೊರಳಿದಾಗ ಮಾತ್ರ ಚೀರುತ್ತದೆ, ಮಲಗಿದಾಗ ಸುಮ್ಮನಿರುತ್ತದೆ. ನೋವನ್ನು ಮುಚ್ಚಿಡುವುದು ನಾಯಿಯ ಸ್ವಭಾವ. ಬಾಲ ಆಡಿಸುವುದು ನಿಮ್ಮ ಮೇಲಿನ ಪ್ರೀತಿಗೆ. ಅದು ಆರೋಗ್ಯದ ಸರ್ಟಿಫಿಕೇಟು ಅಲ್ಲ.

ಯಾವಾಗ ಒಂದು ಗಂಟೆಯೂ ಕಾಯಬಾರದು? ಹೊಟ್ಟೆ ಉಬ್ಬಿ, ವಾಂತಿಗೆ ಒದ್ದಾಡಿದರೂ ಬರೀ ನೊರೆ ಬಂದರೆ ಹೊಟ್ಟೆ ತಿರುಚಿರಬಹುದು. ನಮ್ಮ ಸೀಮೆಯಲ್ಲಿ ಅನೇಕರು ಸಾಕುವ ಮುಧೋಳ ನಾಯಿಯಂಥ ಆಳವಾದ ಎದೆಯ ತಳಿಗಳಿಗೆ ಈ ಅಪಾಯ ಹೆಚ್ಚು. ಹಿಂಗಾಲು ಎಳೆಯುತ್ತಿದ್ದರೆ ಅಥವಾ ನಿಲ್ಲಲಾಗದಿದ್ದರೆ ನರಹುರಿಗೆ ಪೆಟ್ಟು ಬಿದ್ದಿದೆ ಎಂದು ತಿಳಿಯಿರಿ. ಗಂಡು ನಾಯಿ ಮತ್ತೆ ಮತ್ತೆ ಕಾಲೆತ್ತಿದರೂ ಮೂತ್ರ ಬಾರದಿದ್ದರೆ ಕಲ್ಲು ಅಡ್ಡ ಬಂದಿರಬಹುದು. ವಸಡು ಬಿಳಿಚಿದ್ದರೆ, ಉಸಿರಾಟಕ್ಕೆ ಕಷ್ಟವಾದರೆ, ಗಾಡಿ ತಾಗಿದ್ದರೆ ಹೊರಡಿರಿ. ಕಬ್ಬಿನ ಪಡದಿಂದ ಬಂದ ನಾಯಿಯ ಮುಖವೋ ಕಾಲೋ ಬೇಗ ಬಾತುಕೊಂಡರೆ ಕೊಳಕುಮಂಡಲ ಕಚ್ಚಿರಬಹುದು. ಗಾಯ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ನೇರವಾಗಿ ದವಾಖಾನೆಗೆ ಒಯ್ಯಿರಿ.

ಇವು ಯಾವುವೂ ಇಲ್ಲ, ಆದರೆ ನಾಯಿ ಬೆನ್ನು ಕಮಾನಿನಂತೆ ಬಾಗಿಸುತ್ತದೆ, ಕುತ್ತಿಗೆ ತಿರುಗಿಸುವುದಿಲ್ಲ, ಮೆಟ್ಟಿಲು ಹತ್ತುವುದಿಲ್ಲ, ಊಟ ಬಿಟ್ಟಿದೆ, ಜ್ವರ ಇದೆ ಅಥವಾ ಮತ್ತೊಮ್ಮೆ ಚೀರಿತು ಎಂದಾದರೆ ಅದೇ ದಿನ ಇಲ್ಲವೇ ಮರುದಿನ ತೋರಿಸಿರಿ. ನಾಯಿಯ ಮೈ ಶಾಖ ಸುಮಾರು 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು. ಮಲಗಿದಾಗ ನಿಮಿಷಕ್ಕೆ 30ಕ್ಕಿಂತ ಹೆಚ್ಚು ಉಸಿರು ಇರಬಾರದು. ಮೈಮೇಲೆ ಉಣ್ಣಿ ಇದ್ದು ಜ್ವರವೂ ಕೀಲುನೋವೂ ಬಂದರೆ ಉಣ್ಣಿಜ್ವರದ ಸಂಶಯ. ರಕ್ತ ಪರೀಕ್ಷೆ ಬೇಕಾಗುತ್ತದೆ.

ಒಂದೇ ಸಲ ಚೀರಿ, ನಂತರ ಊಟ, ನೀರು, ಮಲಮೂತ್ರ, ನಡಿಗೆ ಎಲ್ಲ ಮೊದಲಿನಂತಿದ್ದರೆ ಒಂದೆರಡು ದಿನ ನೋಡಬಹುದು. ಆದರೆ ನೋಡುವುದು ಎಂದರೆ ಬಿಟ್ಟುಬಿಡುವುದಲ್ಲ. ಓಡಲು, ಜಿಗಿಯಲು ಬಿಡದೆ ಒಂದು ಕಡೆ ಕಟ್ಟಿ ವಿಶ್ರಾಂತಿ ಕೊಡಬೇಕು. ಅಂಗಾಲಲ್ಲಿ ಮುಳ್ಳು, ಬಾಯಲ್ಲಿ ಎಲುಬಿನ ಚೂರು, ಕಿವಿಯಲ್ಲಿ ಹುಲ್ಲಿನ ತೆನೆ ಸಿಕ್ಕಿದೆಯೇ ಎಂದು ಹಗಲು ಬೆಳಕಿನಲ್ಲಿ ನೋಡಬೇಕು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ. ಮನೆಯ ಡಬ್ಬಿಯಲ್ಲಿರುವ ನೋವಿನ ಗುಳಿಗೆ ಕೊಡಬೇಡಿ. ಐಬುಪ್ರೊಫೇನ್, ಡೈಕ್ಲೋಫೆನಾಕ್‌ಗಳಿಂದ ನಾಯಿಯ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗಬಹುದು, ಮೂತ್ರಪಿಂಡ ಕೆಡಬಹುದು. ಪ್ಯಾರಾಸಿಟಮಾಲ್ ಹೆಚ್ಚಾದರೆ ಯಕೃತ್ತು ಹಾಳಾಗುತ್ತದೆ. ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್‌ನಿಂದ ರಣಹದ್ದುಗಳು ಸತ್ತವೆಂದು 2006ರಲ್ಲಿ ಪಶುಗಳಿಗೆ ಅದರ ಬಳಕೆಯನ್ನೇ ಭಾರತದಲ್ಲಿ ನಿಷೇಧಿಸಲಾಯಿತು. ಇನ್ನೊಂದು ಮಾತು: ನೀವು ಗುಳಿಗೆ ಕೊಟ್ಟುಬಿಟ್ಟಿದ್ದರೆ, ಡಾಕ್ಟರರು ನಾಯಿಗೆ ಸರಿಯಾದ ನೋವಿನ ಔಷಧ ಕೊಡುವುದೂ ಕಷ್ಟವಾಗುತ್ತದೆ. ಕೊಟ್ಟಿದ್ದರೆ ಮುಚ್ಚಿಡದೆ ಹೇಳಿರಿ.

ನೋವಿನಲ್ಲಿರುವ ನಾಯಿ ಒಡೆಯನನ್ನೂ ಕಚ್ಚುತ್ತದೆ. ಮೆತ್ತನೆಯ ಬಟ್ಟೆಯ ಪಟ್ಟಿಯಿಂದ ಮೂತಿ ಕಟ್ಟಿರಿ. ಆದರೆ ವಾಂತಿ ಅಥವಾ ಏದುಸಿರು ಇದ್ದರೆ ಕಟ್ಟಬೇಡಿ. ಬೆನ್ನುನೋವಿನ ಸಂಶಯವಿದ್ದರೆ ಹಲಗೆಯ ಮೇಲೆ ಮಲಗಿಸಿ ಒಯ್ಯಿರಿ. ನಾಯಿಯ ದನಿ ಬದಲಾಗಿ, ಜೊಲ್ಲು ಸುರಿದು, ಕಾರಣವಿಲ್ಲದೆ ಕಚ್ಚಲು ಬರುತ್ತಿದ್ದರೆ ಹುಚ್ಚುನಾಯಿ ರೋಗದ ಶಂಕೆ ಇರಲಿ, ದೂರ ನಿಲ್ಲಿರಿ. ಯಾರಿಗಾದರೂ ಹಲ್ಲು ತಾಗಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಸರಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ.

ದವಾಖಾನೆಯಲ್ಲಿ ಮಾತಿನ ತೊಡಕು ನಮ್ಮಲ್ಲಿ ಅನೇಕರಿಗಿದೆ. ನಾಯಿ ಚೀರುವಾಗ ಕೈಯಲ್ಲಿರುವ ಮೊಬೈಲಿನಲ್ಲಿ ಒಂದು ನಿಮಿಷ ಚಿತ್ರ ತೆಗೆದಿಡಿ. ನಾಯಿಗೆ ಎಚ್ಚರವಿದ್ದು ನೋವಿನಿಂದ ಒದರಿತೋ, ಎಚ್ಚರ ತಪ್ಪಿ ಕಾಲು ಬಡಿದ ಮೂರ್ಛೆಯೋ ಎಂಬುದು ಡಾಕ್ಟರರಿಗೆ ಆ ಚಿತ್ರದಿಂದಲೇ ತಿಳಿಯುತ್ತದೆ. ಕೆಲವು ಮರಾಠಿ ಶಬ್ದಗಳನ್ನೂ ನೆನಪಿಡಿ: ಬೆನ್ನಿಗೆ ಪಾಠ, ಕುತ್ತಿಗೆಗೆ ಮಾನ, ಹೊಟ್ಟೆಗೆ ಪೋಟ, ವಾಂತಿಗೆ ಉಲಟಿ, ಮೂತ್ರಕ್ಕೆ ಲಘವಿ. ನಮ್ಮಲ್ಲಿ ಊರಿನ ಶಾಲೆಗೆ, ಓದಿಗೆ ಹೇಳುವ ಪಾಠವೇ ಬೇರೆ, ಅಲ್ಲಿ ಪಾಠ ಎಂದರೆ ಬೆನ್ನು, ಗೊಂದಲ ಬೇಡ.

ಖರ್ಚಿನ ಮಾತಿಗೆ ನಾಚಬೇಡಿ. "ಇಷ್ಟೇ ಹಣವಿದೆ, ಮೊದಲು ಯಾವ ಪರೀಕ್ಷೆ ಅಗತ್ಯ?" ಎಂದು ನೇರವಾಗಿ ಕೇಳಿರಿ. ಕೈಯಿಂದ ಮುಟ್ಟಿ ನೋಡುವ ತಪಾಸಣೆಯಲ್ಲೇ ಎಷ್ಟೋ ತಿಳಿಯುತ್ತದೆ. ಎಕ್ಸ್-ರೇ ಮುಂದೆ ಬೇಕಾದರೆ ಕೊಲ್ಹಾಪುರಕ್ಕೆ ಹೋದರಾಯಿತು. ತಾಲೂಕಿನ ಸರಕಾರಿ ಪಶು ದವಾಖಾನೆ ದನ-ಎಮ್ಮೆಗಳಿಗೇ ಎಂದು ತಿಳಿದು ಹಿಂದೆ ಸರಿಯಬೇಡಿ, ಮೊದಲು ಅಲ್ಲಿಯೇ ಕೇಳಿ ನೋಡಿರಿ.

ಕೊನೆಗೆ ಆ ಗಂಡ ಹೆಂಡಿರ ಮಾತಿಗೆ ಬರೋಣ. ಬೆಳಗ್ಗೆ ನಾಯಿ ಬಾಲ ಆಡಿಸಿತೇ ಎಂದು ನೋಡಬೇಡಿ. ನಡೆಯಿತೇ, ಉಂಡಿತೇ, ಉಚ್ಚೆ ಹೊಯ್ದಿತೇ ಎಂದು ನೋಡಿರಿ. ಈ ಮೂರರಲ್ಲಿ ಒಂದು ತಪ್ಪಿದರೂ ಮನೆಯಾಕೆಯ ಮಾತೇ ಸರಿ. ಮೂರೂ ಸರಿಯಿದ್ದರೆ ಯಜಮಾನರು ಎರಡು ದಿನ ಕಾಯಬಹುದು, ಕಣ್ಣು ತೆರೆದುಕೊಂಡು. ವರ್ಷಗಟ್ಟಲೆ ನಮ್ಮ ಬಾಗಿಲು ಕಾದ ಪ್ರಾಣಿಗೆ ಎರಡು ದಿನ ನಾವು ಕಾವಲಿದ್ದರೆ ಅದೇನೂ ದೊಡ್ಡ ಮಾತಲ್ಲ.