ತಂಗಿಯ ಮಗು ಮನೆಗೆ ಬಂದ ಮೇಲೆ

ದತ್ತು ಎಂದರೆ ಅರ್ಜಿ ಹಾಕಿ, ವರ್ಷಗಟ್ಟಲೆ ಕಾದು, ಸರದಿ ಬಂದಾಗ ಮಗುವನ್ನು ಕರೆತರುವುದು ಎಂದೇ ಹೆಚ್ಚಿನವರ ತಿಳಿವಳಿಕೆ. ಆದರೆ ಕಾಯದೆಯೇ, ಕೇಳದೆಯೇ ಅಪ್ಪ ಅಮ್ಮ ಆದವರೂ ನಮ್ಮಲ್ಲಿ ಬೇಕಾದಷ್ಟು ಮಂದಿ. ಅಪಘಾತದಲ್ಲಿ ತಂಗಿ, ಅವಳ ಗಂಡ ಇಬ್ಬರೂ ಹೋದರು. ಹನ್ನೊಂದನೇ ದಿನದ ಕಾರ್ಯ ಮುಗಿಯುವ ಹೊತ್ತಿಗೆ ಮಗು ಯಾರ ಮನೆಗೆ ಎಂಬುದನ್ನು ಹಿರಿಯರು ತೀರ್ಮಾನಿಸಿರುತ್ತಾರೆ. ಕಾಗದಪತ್ರದ ನೆನಪಾಗುವುದು ಆಮೇಲೆ, ಪಾಸ್‌ಪೋರ್ಟ್ ಮಾಡಿಸಲು ಹೋದಾಗಲೋ ಆಸ್ತಿ ಪಾಲಾಗುವಾಗಲೋ.

ಹೀಗೆ ಸಾಕಿದ ಮಗುವಿಗೆ ಕಾನೂನಿನ ಕಣ್ಣಲ್ಲಿ ನೀವು ಯಾರೂ ಅಲ್ಲ, ಸೋದರಮಾವ ಅಷ್ಟೆ. ನೀವು ಉಯಿಲು ಬರೆಯದೆ ತೀರಿಕೊಂಡರೆ ನಿಮ್ಮ ಸ್ವಂತ ಮಕ್ಕಳ ಜತೆ ಅದಕ್ಕೆ ಪಾಲಿಲ್ಲ. ನ್ಯಾಯಾಲಯದಿಂದ ಪಾಲಕತ್ವ ಪಡೆಯಬಹುದು. 1890ರ ಕಾಯ್ದೆಯೊಂದು ಅದಕ್ಕೆಂದೇ ಇದೆ. ಆದರೆ ಮಗುವಿಗೆ 18 ತುಂಬಿದ ದಿನ ಆ ಸಂಬಂಧ ಮುಗಿಯುತ್ತದೆ. ಮುಗಿಯದ ಸಂಬಂಧ ಬೇಕಿದ್ದರೆ ದತ್ತು.

ಅದಕ್ಕೆ ದಾರಿ ಎರಡು. ಹಳೆಯದು 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ. ಅದರಲ್ಲಿ ಕೊಡುವ, ತೆಗೆದುಕೊಳ್ಳುವ ಕ್ರಿಯೆಯೇ ಮುಖ್ಯ, ದತ್ತಹೋಮ ಕಡ್ಡಾಯವಲ್ಲ. ತೊಡಕಿರುವುದು ಇಲ್ಲೇ. ಕೊಡಬೇಕಾದ ತಂದೆ ತಾಯಿಯೇ ಇಲ್ಲ! ಆಗ ಪಾಲಕರು ನ್ಯಾಯಾಲಯದ ಪೂರ್ವಾನುಮತಿ ಪಡೆದು ಕೊಡಬೇಕು. ಪಾಲಕರು ನೀವೇ ಆಗಿದ್ದರೆ, ಅನುಮತಿ ಪಡೆದು ನೀವೇ ತೆಗೆದುಕೊಳ್ಳಲೂಬಹುದು. ಆದರೆ ಮನೆಯಲ್ಲಿ ಆಗಲೇ ಮಗನಿದ್ದರೆ ಈ ಕಾಯ್ದೆಯಡಿ ಇನ್ನೊಬ್ಬ ಹುಡುಗನನ್ನು ದತ್ತು ತೆಗೆದುಕೊಳ್ಳುವಂತಿಲ್ಲ. ರೂಢಿಯ ವಿನಾಯಿತಿ ಇಲ್ಲದಿದ್ದರೆ 15 ತುಂಬಿದವರನ್ನೂ ಇಲ್ಲ. ವಂಶೋದ್ಧಾರಕನ ಚಿಂತೆಯಲ್ಲಿ ಬರೆದ ಕಾನೂನು ಎಂಬುದು ಓದಿದವರಿಗೆ ತಿಳಿಯುತ್ತದೆ.

ಎರಡನೆಯದು 2015ರ ಬಾಲನ್ಯಾಯ ಕಾಯ್ದೆ. ಇಂಥ ಮನೆಗಳಿಗೆ ಇದೇ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಸಂಬಂಧಿಕರ ನಡುವಿನ ದತ್ತುವಿಗೆ ಇದರಲ್ಲಿ ಧರ್ಮದ ಅಡ್ಡಿಯಿಲ್ಲ. ಆದರೆ ಸಂಬಂಧಿಕರು ಎಂದರೆ ನಮ್ಮ ಮದುವೆ ಮನೆಯ ಪಟ್ಟಿಯಲ್ಲ. ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವ, ಸೋದರತ್ತೆ, ಚಿಕ್ಕಮ್ಮ, ದೊಡ್ಡಮ್ಮ, ಎರಡೂ ಕಡೆಯ ಅಜ್ಜ ಅಜ್ಜಿ, ಅಷ್ಟೇ. ದುಡಿಯುವ ವಯಸ್ಸಿನ ಸ್ವಂತ ಅಣ್ಣ ಈ ಪಟ್ಟಿಯಲ್ಲಿ ಇಲ್ಲದಿರುವುದು ವಿಚಿತ್ರ.

ಮೊದಲು ಹೋಗಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಕೇಂದ್ರದ ದತ್ತು ಪ್ರಾಧಿಕಾರವಾದ ಕಾರಾದ ಜಾಲತಾಣದಲ್ಲಿ ನೋಂದಣಿಯಾಗಬೇಕು. ಅಲ್ಲಿ ಸಾವಿರಾರು ದಂಪತಿಗಳು ಕಾಯುತ್ತಿದ್ದಾರಲ್ಲ ಎಂದು ಹೆದರಬೇಕಿಲ್ಲ. ನಿಮ್ಮ ಮಗು ಗೊತ್ತಿರುವುದರಿಂದ ಆ ಸರದಿ ನಿಮಗೆ ಅನ್ವಯಿಸದು. ದತ್ತು ಪಡೆಯುವವರಿಗಿರುವ ವಯಸ್ಸಿನ ಮಿತಿಯೂ ಸಂಬಂಧಿಕರಿಗಿಲ್ಲ. ಹೆತ್ತವರು ಇಲ್ಲದ ಕಾರಣ ಮಕ್ಕಳ ಕಲ್ಯಾಣ ಸಮಿತಿಯ ಅನುಮತಿ ಬೇಕು. ಘಟಕದವರು ನಿಮ್ಮ ಮನೆಯ ಹಿನ್ನೆಲೆಯ ವರದಿ ತಯಾರಿಸುತ್ತಾರೆ. ಕಡತ ಕೊನೆಗೆ ತಲುಪುವುದು ಜಿಲ್ಲಾಧಿಕಾರಿಯ ಮೇಜಿಗೆ. 2022ರ ಸೆಪ್ಟೆಂಬರ್‌ವರೆಗೆ ಆದೇಶ ನೀಡುತ್ತಿದ್ದುದು ನ್ಯಾಯಾಲಯ. ಈಗ ಜಿಲ್ಲಾಧಿಕಾರಿ ಎರಡು ತಿಂಗಳೊಳಗೆ ತೀರ್ಮಾನಿಸಬೇಕು.

ಮಗುವಿಗೆ ಐದು ವರ್ಷ ತುಂಬಿದ್ದರೆ ಅದರ ಒಪ್ಪಿಗೆಯನ್ನೂ ಪಡೆಯುತ್ತಾರೆ. ಆ ದಿನಕ್ಕೆಂದು ಮಗುವಿಗೆ ಉತ್ತರ ಬಾಯಿಪಾಠ ಮಾಡಿಸಬೇಡಿ. ಅಮ್ಮ ಊರಿಗೆ ಹೋಗಿದ್ದಾಳೆ ಎಂದು ಮನೆಯಲ್ಲಿ ಇನ್ನೂ ಹೇಳುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಬೇಕು. 'ಮಾವ' ಎನ್ನುತ್ತಿದ್ದ ಮಗು ಆದೇಶ ಬಂದ ಮೇಲೂ ಹಾಗೆಯೇ ಕರೆದರೆ ಕರೆಯಲಿ. ಇನ್ನೊಂದು ಮಾತು: ನಿಮ್ಮ ಮಗನಿಗೂ ತಂಗಿಯ ಮಗಳಿಗೂ ಹುಟ್ಟಿದಾಗಲೇ ಸಂಬಂಧ ಮಾತಾಡಿಟ್ಟಿದ್ದರೆ ಅದು ಮುಗಿಯಿತು. ಇನ್ನು ಅವರು ಅಣ್ಣ ತಂಗಿ.

ಎಲ್ಲ ಮನೆಗೂ ದತ್ತುವೇ ಬೇಕೆಂದೇನಿಲ್ಲ. ಹದಿನಾರರ ಹುಡುಗ ತನ್ನ ಅಪ್ಪನ ಹೆಸರನ್ನೇ ಉಳಿಸಿಕೊಳ್ಳುತ್ತೇನೆ ಎಂದರೆ ಪಾಲಕತ್ವ ಸಾಕು. ಹಣದ ಮುಗ್ಗಟ್ಟೇ ಚಿಂತೆಯಾಗಿದ್ದರೆ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದ ಬಗ್ಗೆ ಅದೇ ಘಟಕದಲ್ಲಿ ಕೇಳಿ. ಬಂಧುಗಳ ಮನೆಯಲ್ಲಿ ಬೆಳೆಯುವ ಅನಾಥ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ ಮೀರಿರಬಾರದು.

ನೆಂಟರು ಪಿಸುಗುಟ್ಟುವುದು ತಂಗಿಯ ಆಸ್ತಿಯ ಬಗ್ಗೆ. ಹೆತ್ತವರು ತೀರಿಕೊಂಡಾಗಲೇ ಮಗುವಿನ ಪಾಲು ಅದರದಾಗಿರುತ್ತದೆ, ದತ್ತುವಿನಿಂದ ಅದು ಹೋಗದು. ಹಾಗೆಂದು ನಿಮ್ಮದೂ ಆಗದು: ಮಗುವಿನ ಹೆಸರಿನ ಸೈಟು ಮಾರಲು ನ್ಯಾಯಾಲಯದ ಅನುಮತಿ ಬೇಕು. ಅಪಘಾತ ಪರಿಹಾರದಲ್ಲಿ ಮಗುವಿನ ಪಾಲನ್ನು ಸಾಮಾನ್ಯವಾಗಿ ಅದು ಪ್ರಾಯಕ್ಕೆ ಬರುವವರೆಗೆ ಬ್ಯಾಂಕಿನಲ್ಲಿ ಠೇವಣಿ ಇಡಿಸುತ್ತಾರೆ. ಆದೇಶ ತೋರಿಸಿ ನಿಮ್ಮ ಹೆಸರಿರುವ ಜನನ ಪ್ರಮಾಣಪತ್ರ ಪಡೆದ ಮೇಲೂ ಹಳೆಯದರ ಪ್ರತಿ, ಇಬ್ಬರ ಮರಣ ಪ್ರಮಾಣಪತ್ರ, ವಂಶವೃಕ್ಷ ಇವನ್ನೆಲ್ಲ ಒಂದೇ ಫೈಲಿನಲ್ಲಿ ಜೋಪಾನವಾಗಿಡಿ. ವಿಮೆ, ಪಿಎಫ್ ಕಚೇರಿಗಳಲ್ಲಿ ಮಗು ಯಾರದೆಂದು ತೋರಿಸಲು ಬೇಕಾಗುವುದು ಆ ಹಳೆಯ ಕಾಗದಗಳೇ.