ಅಮ್ಮನನ್ನು ತಾರಸಿ ಹತ್ತಿಸಿದ ಭೂಕಂಪ

ಕೆಲವು ವರ್ಷಗಳ ಹಿಂದಿನ ಒಂದು ಭಾನುವಾರ. ಡೆಟ್ರಾಯ್ಟ್ ಬಳಿಯ ಟ್ರಾಯ್‌ನ ನಮ್ಮ ಮನೆಯಲ್ಲಿ ಮಧ್ಯಾಹ್ನದ ಊಟ ಮುಗಿಸಿ ಕಂಪ್ಯೂಟರ್ ಮುಂದೆ ಕೂತಿದ್ದೆವು. ಒಂದೇ ಸಾಲಿನ ಸುದ್ದಿ: ಹಿಂದೂ ಮಹಾಸಾಗರದಡಿ ಭೂಕಂಪ, ಪ್ರಮಾಣ ಐದು ಚಿಲ್ಲರೆ. 2004ರ ಡಿಸೆಂಬರ್ 26ರ ಸುನಾಮಿಯ ಚಿತ್ರಗಳನ್ನು ಮರೆತವರು ಯಾರು? ಮಲ್ಪೆಯಲ್ಲಿ, ಸಮುದ್ರಕ್ಕೆ ಹತ್ತಿರವೇ ಇರುವ ಅಮ್ಮನಿಗೆ ಫೋನ್ ಮಾಡಿದೆವು. ಅಲ್ಲಿ ನಡುರಾತ್ರಿ. ನಮ್ಮ ಗಾಬರಿಯ ದನಿ ಕೇಳಿ ಅಮ್ಮ ಪಕ್ಕದ ಮನೆಯವರನ್ನೂ ಎಬ್ಬಿಸಿ, ಅವರ ತಾರಸಿ ಹತ್ತಿ ಬೆಳಗಾಗುವವರೆಗೆ ಕೂತರು. ಮರುದಿನ ಮಂಡಿನೋವು, ಜೊತೆಗೆ ಜ್ವರ. "ಎಂತ ಮಾರಾಯ, ಒಂದು ಅಲೆ ಸಹ ಬರ್ಲಿಲ್ಲ" ಎಂದರು.

ನಾಚಿಕೆಯಾಗಿ, ಆ ಭೂಕಂಪ ಎಲ್ಲಿ ಆಯಿತೆಂದು ಆಮೇಲೆ ಓದಿ ನೋಡಿದೆವು. ಅದು ಆದದ್ದು ಕಾರ್ಲ್ಸ್‌ಬರ್ಗ್ ಪರ್ವತಸಾಲಿನಲ್ಲಿ. ಹೌದು, ಬಿಯರಿನ ಹೆಸರೇ! 1928ರಿಂದ 30ರವರೆಗೆ ನಡೆದ ಡೆನ್ಮಾರ್ಕಿನ ಡಾನಾ ನೌಕಾಯಾನಕ್ಕೆ ಹಣ ಕೊಟ್ಟದ್ದು ಆ ಕಂಪನಿಯ ಪ್ರತಿಷ್ಠಾನ. ದಾನಿಗಳ ಹೆಸರು ಸಮುದ್ರದ ತಳದಲ್ಲೂ ಉಳಿಯುತ್ತದೆ ಎಂಬುದನ್ನು ಈ ಸಂಚಿಕೆಯ ಓದುಗರು ಗಮನಿಸಬೇಕು.

ಭಾರತವನ್ನು ಹೊತ್ತ ಭೂಫಲಕ ಮತ್ತು ಆಫ್ರಿಕಾ ಕಡೆಯ ಫಲಕ ಈ ಸಾಲಿನಲ್ಲಿ ವರ್ಷಕ್ಕೆ ಎರಡು ಮೂರು ಸೆಂಟಿಮೀಟರ್ ದೂರ ಸರಿಯುತ್ತಿವೆ. ಉಗುರು ಬೆಳೆಯುವ ವೇಗವೆನ್ನಿ. ಬಿರುಕಿನಲ್ಲಿ ಕೆಳಗಿನ ಬಿಸಿ ಶಿಲಾರಸ ಮೇಲೆದ್ದು, ತಣಿದು, ಹೊಸ ತಳವಾಗುತ್ತದೆ. ಇಂಥದೇ ಒಂದು ಬಿರುಕು ಸುಮಾರು 110 ಕೋಟಿ ವರ್ಷಗಳ ಹಿಂದೆ ನಮ್ಮ ಮಿಷಿಗನ್ನಿನಲ್ಲೂ ಶುರುವಾಗಿ, ಸಮುದ್ರವಾಗುವ ಮೊದಲೇ ನಿಂತುಹೋಯಿತು. ಅದರ ಒಂದು ಕವಲು ಲೋಯರ್ ಮಿಷಿಗನ್ನಿನ ಅಡಿಯಲ್ಲಿ ಹುದುಗಿದೆ. ಬೇಸಿಗೆ ರಜೆಯಲ್ಲಿ ಕೆವಿನಾ ಪರ್ಯಾಯದ್ವೀಪಕ್ಕೆ ತಾಮ್ರದ ಗಣಿ ನೋಡಲು ಹೋದವರು ಕಂಡದ್ದು ಆ ಲಾವಾ ಬಂಡೆಗಳನ್ನೇ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳೂ ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರೆಯಾಗುವಾಗ ಉಕ್ಕಿದ ಲಾವಾ. ಅಮ್ಮ ದಿನಾ ನೋಡುವ ದ್ವೀಪ!

ಈಗ ಅಲೆಯ ವಿಷಯ. ಸಮುದ್ರದೊಳಗಿನ ಈ ಪರ್ವತಸಾಲು ನೇರ ಗೆರೆಯಲ್ಲ. ಮೆಟ್ಟಿಲು ಮೆಟ್ಟಿಲಾಗಿ ತುಂಡಾಗಿದೆ. ತುಂಡುಗಳ ನಡುವೆ ಎರಡು ಬದಿಯ ಬಂಡೆಗಳು ಒಂದನ್ನೊಂದು ಉಜ್ಜಿಕೊಂಡು ಪಕ್ಕಕ್ಕೆ ಜಾರುತ್ತವೆ. ಮಕ್ಕಳ ಸ್ನಾನದ ಟಬ್ಬಿನಲ್ಲಿ ಮಾಡಿ ನೋಡಿ: ಅಂಗೈಯನ್ನು ತಳಕ್ಕೆ ತಾಗಿಸಿ ಪಕ್ಕಕ್ಕೆ ಸರಿಸಿದರೆ ನೀರು ಹೆಚ್ಚು ಕದಲದು, ಜೋರಾಗಿ ಮೇಲೆತ್ತಿದರೆ ಹೊರಕ್ಕೆ ಚೆಲ್ಲುತ್ತದೆ. ಫಲಕಗಳು ಅಗಲುವ ಕಡೆ ತಳ ತುಸು ಕುಸಿಯುವುದುಂಟು. ಆದರೆ ಐದರ ಪ್ರಮಾಣದಲ್ಲಿ ಸೀಳುವುದು ಕೆಲವೇ ಕಿಲೋಮೀಟರ್, ಜಾರುವುದು ಸುಮಾರು ಒಂದು ಗೇಣಿನೊಳಗೆ. ಪ್ರಮಾಣ ಒಂದು ಅಂಕ ಏರಿದರೆ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. 2004ರದ್ದು 9.1. ಅಂದರೆ ಹತ್ತು ಲಕ್ಷ ಪಟ್ಟಿಗೂ ಮೀರಿದ ಶಕ್ತಿ. ಅಲ್ಲಿ ಒಂದು ಫಲಕ ಇನ್ನೊಂದರ ಕೆಳಗೆ ನುಗ್ಗುವಾಗ ಸುಮಾರು 1300 ಕಿ.ಮೀ. ಉದ್ದಕ್ಕೆ ಸೀಳಿ, ಸಮುದ್ರದ ತಳವೇ ಮೇಲೆದ್ದಿತು.

2003ರ ಜುಲೈ 15ರಂದು ಕಾರ್ಲ್ಸ್‌ಬರ್ಗ್ ಸಾಲಿನಲ್ಲೇ 7.6ರ ಭೂಕಂಪವಾಗಿತ್ತು. ಅದೂ ಪಕ್ಕಕ್ಕೆ ಜಾರಿದ್ದೇ. ನಮ್ಮ ಕರಾವಳಿಗೆ ಏನೂ ಆಗಲಿಲ್ಲ. ಮಂಗಳೂರಿನಿಂದ ಆ ಸಾಲಿಗೆ ಹತ್ತಿರವೆಂದರೂ ಸುಮಾರು 1500 ಕಿ.ಮೀ., ಶಿಕಾಗೋದಿಂದ ಡೆನ್ವರಿನಷ್ಟು ದೂರ.

ಹಾಗೆಂದು ಅರಬ್ಬೀ ಸಮುದ್ರಕ್ಕೆ ಸುನಾಮಿಯೇ ಇಲ್ಲವೆನ್ನುವಂತಿಲ್ಲ. ಪಾಕಿಸ್ತಾನದ ಮಕ್ರಾನ್ ತೀರದಲ್ಲಿ ಫಲಕ ಕೆಳಗೆ ನುಗ್ಗುವ ಜಾಗವಿದೆ. 1945ರ ನವೆಂಬರ್ 28ರಂದು ಅಲ್ಲಿ ಆದ 8.1ರ ಭೂಕಂಪದ ಅಲೆಗಳು ಮುಂಬಯಿವರೆಗೂ ಬಂದವು. ಸುದ್ದಿಯಲ್ಲಿ ಮಕ್ರಾನ್ ಎಂಬ ಹೆಸರೂ ಏಳನ್ನು ದಾಟಿದ ಅಂಕಿಯೂ ಒಟ್ಟಿಗೆ ಕಂಡರೆ ಆಗ ಎದ್ದು ಕೂರಬೇಕು. ಇಂಥವನ್ನು ಕಾಯಲೆಂದೇ ಹೈದರಾಬಾದಿನ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ 2007ರಿಂದ ಹಗಲಿರುಳು ಕೆಲಸ ಮಾಡುತ್ತಿದೆ.

ಊರಿಗೆ ನಾವು ಹೇಳಿಟ್ಟಿರುವುದು ಇಷ್ಟೇ: ನೆಲ ಬಹಳ ಹೊತ್ತು ಜೋರಾಗಿ ನಡುಗಿದರೆ, ಅಥವಾ ಕಡಲು ಇದ್ದಕ್ಕಿದ್ದಂತೆ ಹಿಂದೆ ಸರಿದರೆ, ನಮ್ಮ ಫೋನಿಗೆ ಕಾಯದೆ ಎತ್ತರದ ಜಾಗಕ್ಕೆ ಹೋಗಿ. ಐದು ಚಿಲ್ಲರೆಯ ಸುದ್ದಿಗಳನ್ನು ಈಗ ಊರಲ್ಲಿ ಬೆಳಗಾದ ಮೇಲೆಯೇ ತಿಳಿಸುತ್ತೇವೆ. ಮೊನ್ನೆ ಎಲ್ಲ ವಿವರಿಸಿದ ಮೇಲೆ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಹಾಗಾದ್ರೆ ಇನ್ನು ರಾತ್ರಿ ನಿದ್ದೆ ಮಾಡ್ಬಹುದಲ್ಲ?"