ಹಚ್ಚೆಯ ಗಂಟು: ಚರ್ಮ ನೀಡುವ ಸೂಚನೆ

ಜತ ತಾಲೂಕಿನ ಕುಣಿಕೋಣೂರದಂತಹ ಗಡಿಗ್ರಾಮಗಳಿಗೆ ಹಚ್ಚೆ ಹೊಸದಲ್ಲ. ಮರಾಠಿಯಲ್ಲಿ ಅದನ್ನು ‘ಗೋಂದಣ’ ಎನ್ನುವರು. ಇಂದು ಹುಬ್ಬು, ತುಟಿಗಳಿಗೆ ಬಣ್ಣ ತುಂಬುವ ಅಲಂಕಾರವಾಗಿಯೂ ಅದು ರೂಢಿಗೆ ಬಂದಿದೆ.

ಸೂಜಿಯಿಂದ ಒಳಚರ್ಮಕ್ಕೆ ಸೇರಿದ ಬಣ್ಣದ ಕಣಗಳನ್ನು ದೇಹದ ರಕ್ಷಕ ಕೋಶಗಳು ನುಂಗಿ ಹಿಡಿದಿಡುತ್ತವೆ. ಆದ್ದರಿಂದಲೇ ಹಚ್ಚೆ ಅಳಿಯುವುದಿಲ್ಲ. ಮೊದಲ ಕೆಲವು ದಿನಗಳ ಊತ, ನೋವು ಸಹಜ. ಆದರೆ ತಿಂಗಳು ಅಥವಾ ವರ್ಷಗಳ ಬಳಿಕ ಹಚ್ಚೆಯ ಗೆರೆಗುಂಟ ಗಂಟುಗಳೆದ್ದರೆ ಕಡೆಗಣಿಸಬಾರದು. ಬಣ್ಣ ಮೈಗೆ ಒಗ್ಗದಿರುವುದು ಒಂದು ಕಾರಣ; ಕೆಂಪು ಬಣ್ಣದಲ್ಲಿ ಇದು ಹೆಚ್ಚು. ಸಾರ್ಕಾಯ್ಡೋಸಿಸ್ ಎಂಬ ರೋಗ ಇನ್ನೊಂದು ಕಾರಣ. ಇದರಲ್ಲಿ ರಕ್ಷಕ ಕೋಶಗಳು ಗುಂಪುಗೂಡಿ ಶ್ವಾಸಕೋಶ, ದುಗ್ಧಗ್ರಂಥಿ, ಕಣ್ಣುಗಳಲ್ಲಿಯೂ ಸಣ್ಣ ಗಂಟುಗಳನ್ನು ಕಟ್ಟುತ್ತವೆ. ಕೆಲವರಲ್ಲಿ ಹಚ್ಚೆಯ ಗಂಟೇ ಈ ರೋಗದ ಮೊದಲ ಕುರುಹು. ಜೊತೆಗೆ ಒಣಕೆಮ್ಮು, ಏದುಸಿರು, ಕಣ್ಣು ಕೆಂಪಾಗುವಿಕೆ ಕಂಡರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಹಚ್ಚೆಯ ಸೂಜಿಯಿಂದ ಕ್ಷಯ, ಕುಷ್ಠಗಳ ರೋಗಾಣು ಹರಡಿದ ನಿದರ್ಶನಗಳೂ ಭಾರತದಲ್ಲಿ ವರದಿಯಾಗಿವೆ. ಹಚ್ಚೆಯ ಮೇಲೆ ಸ್ಪರ್ಶಜ್ಞಾನವಿಲ್ಲದ ಮಚ್ಚೆ ಮೂಡಿದರೆ ಅದು ಕುಷ್ಠವಿರಬಹುದು. ಅದರ ಔಷಧ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ, ರೋಗ ಪೂರ್ಣ ಗುಣವಾಗುತ್ತದೆ.

ರೋಗನಿರ್ಣಯ ಶಿಕ್ಷಕರ ಕೆಲಸವಲ್ಲ. ಮನೆಮದ್ದಿನಲ್ಲಿ ಕಾಲ ಕಳೆಯದಂತೆ ಪಾಲಕರಿಗೆ ತಿಳಿಹೇಳಿ, ಮಗುವಿಗೆ ಅವಮಾನವಾಗದಂತೆ ಪ್ರಾಥಮಿಕ ಆರೋಗ್ಯ ಕೇಂದ್ರದ ದಾರಿ ತೋರಿಸುವುದು ಅವರ ಕರ್ತವ್ಯ.